ಗೇಟಿನಿಂದ ಬಾರದ ಜೀಪು

ಆಕಾಶದಿಂದ ಇಳಿಯುವ ವಾಹನವೂ ಗೇಟಿನ ಮೂಲಕವೇ ಒಳಬರತಕ್ಕದ್ದು ಎಂಬ ನಿಯಮ ೨೦೦೬ರ ಮಾರ್ಚ್‌ವರೆಗೆ ಲಿಖಿತ ರೂಪದಲ್ಲಿ ಇರಲಿಲ್ಲ. ಇದು ಇಲಾಖೆಯ ಲೋಪ. ಜೀಪಿನ ತಪ್ಪೇನೂ ಇಲ್ಲ.

ಗ್ರೇಟರ್ ನೋಯ್ಡಾದ ಆಚೆ, ಕಾಂಪೌಂಡು ಹಾಕಿದ ಬಯಲಿನಲ್ಲಿ ನಮ್ಮ ವಾಯು ಅವತರಣ ಪರೀಕ್ಷಾ ಕೇಂದ್ರವಿದೆ. ಪ್ಯಾರಾಚೂಟ್ ಯೋಧರಿಗೆ ಬೇಕಾದ ಹಗುರ ಜೀಪುಗಳನ್ನು ವಿಮಾನದಿಂದ ಇಳಿಸಿ ನೋಡುವುದು ಇಲ್ಲಿನ ಕೆಲಸ. ಇಳಿದ ಜೀಪಿಗೆ ಬಿಗಿದ ಪ್ಯಾರಾಚೂಟಿನ ಕಟ್ಟು ಬಿಚ್ಚಲು ಮೊದಲೆಲ್ಲ ನಲವತ್ತು ನಿಮಿಷ ಹಿಡಿಯುತ್ತಿತ್ತು. ಮಯೂರ್ ವಿಹಾರದಿಂದ ದಿನಾ ಎರಡು ಬಸ್ಸು ಬದಲಿಸಿ ಬರುವ ಇಂಜಿನಿಯರ್ ಕಾರ್ತಿಕೇಯ ಮೂರು ವರ್ಷ ತಲೆ ಕೆಡಿಸಿಕೊಂಡು, ಒಂದು ಹಿಡಿ ಎಳೆದರೆ ಕಟ್ಟೆಲ್ಲ ಕಳಚುವ ಕೊಂಡಿ ಮಾಡಿದ. ಜೀಪು ನೆಲಕ್ಕಿಳಿದ ಹದಿನೈದು ನಿಮಿಷದೊಳಗೆ ಹೊರಗಿನ ರಸ್ತೆ ಮುಟ್ಟಿದರೆ ಯೋಜನೆ ಪಾಸು. ಇಲ್ಲದಿದ್ದರೆ ಯೋಜನೆ ಬಂದ್. ಕಾರ್ತಿಕೇಯ ಕುರ್ಚಿ-ಮೇಜು ದುರಸ್ತಿ ವಿಭಾಗಕ್ಕೆ. ಆ ಆದೇಶವೂ ಟೈಪಾಗಿ ಸಹಿಗೆ ಕಾದಿತ್ತು.

ಜೀಪು ಚೆನ್ನಾಗಿಯೇ ಇಳಿಯಿತು. ಕಟ್ಟು ನಾಲ್ಕೇ ನಿಮಿಷಕ್ಕೆ ಕಳಚಿತು. ಕಾರ್ತಿಕೇಯ ತಾನೇ ಓಡಿಸಿಕೊಂಡು ಗೇಟಿಗೆ ಬಂದ. ಅಲ್ಲಿ ದಾಖಲಾತಿ ಅಧಿಕಾರಿ ವೈಜಯಂತಿ ರಿಜಿಸ್ಟರು ತೆರೆದರು.

"ಈ ಗಾಡಿ ಒಳಗೆ ಬಂದದ್ದು ಯಾವಾಗ?"

"ಈಗಷ್ಟೇ ಮೇಡಂ, ನಿಮ್ಮ ಕಣ್ಣೆದುರಿಗೇ."

"ಕಣ್ಣಿಗೆ ಕಾಲಂ ಇಲ್ಲಪ್ಪ. ರಿಜಿಸ್ಟರಿನಲ್ಲಿ ಇದು ಒಳಗೇ ಬಂದಿಲ್ಲ. ಬಾರದ ಗಾಡಿಯನ್ನ ಹೊರಗೆ ಹೇಗೆ ಬಿಡಲಿ?"

"ಮೇಲಿಂದ ಬಂತಲ್ಲ."

"ಅಚ್ಛಾ. ಮೇಲೆ ಗೇಟಿದೆಯಾ?"

ಇಲ್ಲವೆಂದು ಕಾರ್ತಿಕೇಯ ಒಪ್ಪಿಕೊಂಡ.

ವೈಜಯಂತಿ ಕೆಟ್ಟವರಲ್ಲ. ಹದಿನೇಳು ವರ್ಷದಲ್ಲಿ ಒಂದು ಸೈಕಲ್ಲೂ ಅವರ ಕೈತಪ್ಪಿ ಹೋಗಿಲ್ಲ. ಹುಡುಗನ ಮುಖ ಬಾಡಿದ್ದು ಕಂಡು ತಮ್ಮ ಡಬ್ಬಿಯ ಚಿತ್ರಾನ್ನ ಕೊಟ್ಟರು. ಅವನು ತಿಂದು ಮುಗಿಸುವಷ್ಟರಲ್ಲಿ ಹದಿನೈದು ನಿಮಿಷವೂ ಮುಗಿಯಿತು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬುದು ನಿರ್ದೇಶಕ ಮುರಳೀಧರರ ಆಡಳಿತ ನೀತಿ. ಅವರು ಮರುಪರೀಕ್ಷೆಗೆ ಅನುಮತಿಸಿ ಸುತ್ತೋಲೆ ಹೊರಡಿಸಿದರು: "ಮೇಲಿನಿಂದ ಬರುವ ವಾಹನಗಳ ಅನುಕೂಲಾರ್ಥ ವಿಮಾನದ ಹಿಂಬಾಗಿಲಿನಲ್ಲಿ ಗೇಟು ಸ್ಥಾಪಿಸತಕ್ಕದ್ದು. ಗೇಟು ಮುಚ್ಚಿರುವಾಗ ಯಾವ ವಾಹನವೂ ಬೀಳತಕ್ಕದ್ದಲ್ಲ."

ಮರುಪರೀಕ್ಷೆಯ ದಿನ ವೈಜಯಂತಿ ಸೀರೆಯ ಮೇಲೆ ಸ್ವೆಟರು ತೊಟ್ಟು ವಿಮಾನದ ಬಾಗಿಲಲ್ಲಿ ಕುಳಿತರು. ಜೀಪಿನ ನಂಬರು ಬರೆದು, ಸೀಲು ಒತ್ತಿ, ಅಡ್ಡಗೋಲು ಎತ್ತಿ "ಚಲೋ" ಎಂದರು. ಜೀಪು ಹೋಯಿತು. ನಾಲ್ಕು ನಿಮಿಷದಲ್ಲಿ ಕಟ್ಟು ಕಳಚಿ ಕಾರ್ತಿಕೇಯ ಕೆಳಗಿನ ಗೇಟಿಗೆ ಬಂದ. ಆಗ ಎಲ್ಲರಿಗೂ ಹೊಳೆಯಿತು: ರಿಜಿಸ್ಟರು ಮೇಲಿದೆ.

ಅದು ವೈಜಯಂತಿಯವರಿಗೂ ಹೊಳೆಯಿತು. ಮೇಲೆ ಸುತ್ತು ಹೊಡೆಯುತ್ತಿದ್ದ ವಿಮಾನದಿಂದ ನೋಡಿದರೆ ಗೇಟಿನ ಬಳಿ ಜೀಪು, ಪಕ್ಕದಲ್ಲಿ ತಲೆಯ ಮೇಲೆ ಕೈಹೊತ್ತ ಹುಡುಗ. ಅವರು ರಿಜಿಸ್ಟರನ್ನು ಎದೆಗವಚಿಕೊಂಡು, ವಿಮಾನದಲ್ಲಿದ್ದ ಒಬ್ಬ ಪ್ಯಾರಾಚೂಟ್ ಯೋಧನಿಗೆ ತಮ್ಮನ್ನು ಬಿಗಿಯಾಗಿ ಕಟ್ಟಿಸಿಕೊಂಡು ಹಾರಿದರು. ಗೇಟಿನ ಹತ್ತಿರವೇ ಇಳಿದು, ಹೊರಹೋಗುವ ಕಾಲಂ ತುಂಬಿ, ಸಹಿ ಹಾಕಿದರು. ಜೀಪು ರಸ್ತೆ ಮುಟ್ಟಿದಾಗ ಹದಿನಾಲ್ಕು ನಿಮಿಷ.

"ಸೀರೆಗೆ ಪಿನ್ನು ಹಾಕಿದ್ದೆ, ಬಚಾವಾದೆ," ಎಂದರು ವೈಜಯಂತಿ. ಕಾರ್ತಿಕೇಯ ಅವರ ಕಾಲಿಗೆ ನಮಸ್ಕರಿಸಿದ.

ಯೋಜನೆ ಪಾಸಾಯಿತು. ಶತ್ರುವಿನ ನೆಲದಲ್ಲಿ ಗೇಟು ಇಲ್ಲದೆ ಹೋದರೆ ಏನು ಗತಿ ಎಂದು ಯೋಚಿಸಿ, ಮೊದಲು ಗೇಟನ್ನೇ ಇಳಿಸತಕ್ಕದ್ದು ಎಂದು ಮುರಳೀಧರರು ನಿಯಮ ಸೇರಿಸಿದರು. ಅದರ ಹೊಣೆ ಕಾರ್ತಿಕೇಯನದು. ಅವನು ಹಿಗ್ಗಿನಿಂದಲೇ ದುಡಿದ. ಅವನ ಗೇಟು ನಾಲ್ಕು ನಿಮಿಷದಲ್ಲಿ ಬಿಚ್ಚಿಕೊಂಡು ನೆಟ್ಟಗೆ ನಿಲ್ಲುತ್ತದೆ. ಆದರೆ ಗೇಟು, ರಿಜಿಸ್ಟರು, ವೈಜಯಂತಿ ಏರಿದ ಮೇಲೆ ವಿಮಾನದಲ್ಲಿ ಜೀಪಿಗೆ ಜಾಗವಿಲ್ಲ. ಹಾಗಾಗಿ ಈಗ ಜೀಪು ರಸ್ತೆಯಲ್ಲೇ ಬಂದು, ಆಕಾಶದಿಂದ ಇಳಿದ ಗೇಟಿನಲ್ಲಿ ಎಂಟ್ರಿ ಮಾಡಿಸಿ ಒಳಗೆ ಹೋಗುತ್ತದೆ. ಇದುವರೆಗೆ ಯಾರಿಂದಲೂ ದೂರು ಬಂದಿಲ್ಲ.