ಶುಕ್ರವಾರ ನೆಗಡಿ ಬರುವಂತಿಲ್ಲ

ನಮ್ಮ ಸೋದರತ್ತೆಯ ಮನೆಯಲ್ಲಿ ನೆಗಡಿಗೂ ಪಂಚಾಂಗವಿದೆ! ಸೋಮವಾರ, ಬುಧವಾರ ಧಾರಾಳವಾಗಿ ಸೀನಬಹುದು. ಮಂಗಳವಾರ, ಶುಕ್ರವಾರ, ಭಾನುವಾರ ಸೀನುವಂತಿಲ್ಲ. ಏಕೆಂದರೆ ಆ ದಿನಗಳಲ್ಲಿ ಅತ್ತೆ ಕಷಾಯಕ್ಕೂ ತುಳಸಿ ಕೀಳುವುದಿಲ್ಲ. ದೀಪ ಹಚ್ಚಿದ ಮೇಲಂತೂ ಯಾವ ದಿನವೂ ಇಲ್ಲ. ಹಿಂದಿನ ದಿನವೇ ಕಿತ್ತಿಡಬಾರದೇ ಎಂದರೆ, "ಬಾಡಿದ ಎಲೆ ಕುಡ್ಸೋಕೆ ನೀನೇನು ನನ್ನ ಶತ್ರುನಾ?" ಎನ್ನುತ್ತಾರೆ. ದಿನಚರಿ ಬರೆಯುವ ನಾನು ವರ್ಷದ ಮೊದಲಲ್ಲೇ ನಿಷಿದ್ಧ ದಿನಗಳಿಗೆಲ್ಲ ಕೆಂಪು ಗೆರೆ ಎಳೆದಿಡುತ್ತೇನೆ. ನನ್ನ ಮೂಗು ಮಾತ್ರ ದಿನಚರಿ ಓದುವುದಿಲ್ಲ!

ರಾಜಗೋಪಾಲನಗರದಲ್ಲಿ ಅತ್ತೆ, ನಾನು ಇಬ್ಬರೂ ಇರುವ ಈ ಬಾಡಿಗೆ ಮನೆಯ ಮೆಟ್ಟಿಲ ಪಕ್ಕ, ಹಳೇ ಪೇಂಟ್ ಡಬ್ಬಿಯಲ್ಲಿ ಆ ತುಳಸಿಯ ವಾಸ. ಕಾರ್ಖಾನೆಗಳ ಧೂಳು ಕೂರದಂತೆ ಅತ್ತೆ ದಿನಾ ಅದಕ್ಕೆ ಸ್ನಾನ ಮಾಡಿಸುತ್ತಾರೆ. ಕೀಳುವ ಮೊದಲು ಅನುಮತಿ ಕೇಳುತ್ತಾರೆ. ಗಿಡ ಏನು ಉತ್ತರಿಸುತ್ತದೋ, "ಇವತ್ತು ನಾಲ್ಕೇ ಎಲೆ ಅಂತಾಳೆ" ಎಂದು ಒಳಗೆ ಬರುತ್ತಾರೆ. ಜಜ್ಜಿದ ಶುಂಠಿ, ಮೆಣಸು ಕುದ್ದು ನೀರು ಅರ್ಧಕ್ಕಿಳಿದ ಮೇಲೆ ಒಲೆ ಆರಿಸಿ, ಎಲೆ ಹಾಕಿ, ತಟ್ಟೆ ಮುಚ್ಚಬೇಕು. ಘಮ ಬಂತೆಂದು ತಟ್ಟೆ ಎತ್ತಿದಿರೋ, ಕೆಟ್ಟಿರಿ!

"ಘಮ ಎಲ್ಲಾ ನಿನ್ ಮೂಗಿಗೇ ಹೋದ್ರೆ ಲೋಟಕ್ಕೇನು ಉಳಿಯತ್ತೆ?"

ಇದು ಯಾವ ಕಾಯಿಲೆಗೆ? ಯಾವುದಕ್ಕಲ್ಲ ಹೇಳಿ! ಪೀಣ್ಯಕ್ಕೆ ಲೇತ್ ಕೆಲಸಕ್ಕೆ ಹೋಗುವ, ಪಕ್ಕದ ರೂಮಿನ ಗದಗದವನು ಒಮ್ಮೆ ಕುಂಟುತ್ತ ಬಂದ. ಅತ್ತೆ ಲೋಟ ಚಾಚಿದರು.

"ಯಕ್ಕಾ, ನಂದು ಕಾಲು ಉಳುಕೈತ್ರಿ. ಗಂಟಲಲ್ಲ!"

"ಕಾಲಿಗೆ ಬೇರೆ ಬಾಯಿ ಇದೆಯೇನಪ್ಪಾ? ಇಲ್ಲಿಂದಾನೇ ಇಳೀಬೇಕು, ಕುಡಿ!"

ಕುಡಿದ. ಎರಡನೇ ಲೋಟ ಬರುವುದನ್ನು ಕಂಡು ಕುಂಟದೇ ಓಡಿದ. ಅತ್ತೆ ಅದನ್ನೂ ತುಳಸಿಯ ಮಹಿಮೆಗೇ ಸೇರಿಸಿಕೊಂಡರು!

ಹೀಗಿರುವಾಗ ಮಾರತ್ತಹಳ್ಳಿಯ ಕಚೇರಿಯೊಂದರಿಂದ ನನಗೆ ಕರೆ ಬಂತು. ದಿನವಿಡೀ ಫೋನಿನಲ್ಲಿ ಗ್ರಾಹಕರಿಗೆ ಉತ್ತರ ಹೇಳುವ ಕೆಲಸ. ಶನಿವಾರ ಬೆಳಿಗ್ಗೆ ದನಿಯ ಪರೀಕ್ಷೆ. ಹೋದಲ್ಲೆಲ್ಲ ಬೇಡವೆನ್ನಿಸಿಕೊಂಡಿದ್ದ ನನಗೆ ಉಳಿದಿದ್ದು ಅದೊಂದೇ ಆಸೆ. ಶುಕ್ರವಾರ ಸಂಜೆ ಗಂಟಲು ಪೂರ್ತಿ ಕಟ್ಟಿಹೋಯಿತು. ಕೆಂಪು ಗೆರೆಯ ದಿನ, ಸಾಲದ್ದಕ್ಕೆ ದೀಪವೂ ಹಚ್ಚಿಯಾಗಿತ್ತು. ಕಷಾಯ ಕೇಳಲು ದನಿಯೂ ಇಲ್ಲ, ಧೈರ್ಯವೂ ಇಲ್ಲ. ಗೋಡೆ ಕಡೆ ತಿರುಗಿ ಮಲಗಿದೆ.

ಕಿಟಕಿಯಾಚೆ ಅತ್ತೆಯ ಮಾತು ಕೇಳಿಸಿತು. ಅನುಮತಿ ಕೇಳುವ ಎಂದಿನ ಠೀವಿ ಇರಲಿಲ್ಲ.

"ತಪ್ಪು ಅಂತ ಗೊತ್ತು ಕಣಮ್ಮಾ. ಪಾಪ ನಂಗಿರ್ಲಿ, ದನಿ ಅವಳಿಗಿರ್ಲಿ."

ಲೋಟ ತಂದವರು ನನ್ನ ಮುಖ ನೋಡಲಿಲ್ಲ. "ಉದುರಿದ ಎಲೆ. ಕುಡಿ," ಎಂದರು.

ಬೆಳಿಗ್ಗೆ ದನಿ ಮರಳಿತು. ಆ ದನಿಗೇ ಕೆಲಸವೂ ಸಿಕ್ಕಿತು, ಅದು ಆಮೇಲಿನ ಮಾತು. ಹೊರಡುವಾಗ ಅತ್ತೆ ಒಳಗೆ ನನ್ನ ಬುತ್ತಿ ಕಟ್ಟುತ್ತಿದ್ದರು. ನಾನು ಡಬ್ಬಿಯ ಮುಂದೆ ನಿಂತು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಆ ದಿನದ ಮೊದಲ ಮಾತು ಆಡಿದೆ:

"ಆ ಪಾಪ ಅತ್ತೆಗೆ ಬೇಡ ಕಣಮ್ಮಾ. ನಂಗೇ ಇರ್ಲಿ."