ಅಣ್ಣಮ್ಮನ ಕಣ್ಣು, ಕಂಪ್ಯೂಟರಿನ ಬುದ್ಧಿ

ಪರಮೇಶ್ವರಯ್ಯ: ಬಾಯಿಗೆ ಬಂದಂಗೆ ಮಾತಾಡ್ಬೇಡ ಮಾರಾಯ. ಈ ಕಂಪ್ಯೂಟರ್ ಯೋಚನೆ ಮಾಡೇ ಕಲ್ಲು ಸರಿಸೋದು.

ದಯಾನಂದ: ಯೋಚನೆ ಎಂಥದ್ದು ರೈಟ್ರೆ? ಕಣ್ಣು ಮುಚ್ಚಿ ಕೈ ಹಾಕಿದಂಗೆ ಆಡ್ತದೆ.

ಪರಮೇಶ್ವರಯ್ಯ: ಹಂಗಾದ್ರೆ ಹನ್ನೊಂದು ಆಟ ನನ್ನನ್ನ ಹ್ಯಾಗೆ ಸೋಲಿಸ್ತು?

ದಯಾನಂದ: ಅದನ್ನೇ ನಾನೂ ಕೇಳ್ತಿರೋದು.

ಪರಮೇಶ್ವರಯ್ಯ: ಮೇಲಿಂದ ಯಾವ ಕಲ್ಲು ಬೀಳ್ತದೆ ಅಂತ ಅದಕ್ಕೆ ಮೊದ್ಲೇ ಗೊತ್ತು.

ದಯಾನಂದ: ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ.

ಮೂಡಿಗೆರೆಯ ಆ ಕಾಫಿ ಕ್ಯೂರಿಂಗ್ ಕಾರ್ಖಾನೆಯ ಆಫೀಸಿಗೆ ಕಂಪ್ಯೂಟರ್ ಬಂದು ಆರು ತಿಂಗಳಾಗಿತ್ತು. ಆಳುಗಳ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರ್ ಪರಮೇಶ್ವರಯ್ಯ ಅದರಲ್ಲಿ ಕಲಿತದ್ದು ಒಂದೇ ವಿದ್ಯೆ, ಕಲ್ಲಿನ ಆಟ. ಪಕ್ಕಪಕ್ಕದ ಬಣ್ಣದ ಕಲ್ಲುಗಳನ್ನು ಅದಲುಬದಲು ಮಾಡಬೇಕು. ಒಂದೇ ಬಣ್ಣದ ಮೂರು ಸಾಲಾದರೆ ಮಾಯವಾಗಿ ಮೇಲಿಂದ ಹೊಸವು ಬೀಳುತ್ತವೆ. ಹೆಚ್ಚು ಕಲ್ಲು ಮಾಯ ಮಾಡಿದವರು ಗೆದ್ದಂತೆ. ಒಂದು ಸರದಿ ಅವರದು, ಒಂದು ಕಂಪ್ಯೂಟರಿನದು. ಜೀಪ್ ಡ್ರೈವರ್ ದಯಾನಂದ ಪಕ್ಕದಲ್ಲಿ ನಿಂತು ಸೋಲು ಎಣಿಸುತ್ತಿದ್ದ.

ಅವರ ಬೆನ್ನ ಹಿಂದೆ ಅಣ್ಣಮ್ಮ ನೆಲ ಗುಡಿಸುತ್ತಿದ್ದಳು. ಇಪ್ಪತ್ತೆರಡು ವರ್ಷ ಮೇಜಿನ ಮುಂದೆ ಕೂತು ಕಾಫಿ ಬೀಜದಿಂದ ಕರಿಬೀಜ, ಒಡಕು ಆರಿಸಿ ತೆಗೆದವಳು. ‘ಕಣ್ಣು ಮಂದವಾಗಿದೆ’ ಎಂದು ಹೋದ ತಿಂಗಳು ರೈಟರೇ ಅವಳ ಕೈಗೆ ಪೊರಕೆ ಕೊಟ್ಟಿದ್ದರು. ಮೇಜಿಗೆ ವಾಪಸ್ ಕಳಿಸಿ ಎಂದು ಅವಳು ದಿನಾ ಕೇಳುತ್ತಿದ್ದಳು. ಅವರು ದಿನಾ ‘ನೋಡೋಣ’ ಎನ್ನುತ್ತಿದ್ದರು.

ದಯಾನಂದ: ಒಂದು ಪರೀಕ್ಷೆ ಮಾಡುವ. ಅಣ್ಣಮ್ಮನ್ನ ಕೂರಿಸುವ. ಅವಳಿಗೆ ಕಣ್ಣು ಕಾಣಲ್ಲ ಅಂತ ನೀವೇ ಹೇಳಿದ್ದಲ್ವಾ? ಅವಳ ಕೈಲೂ ಅದು ಸೋತ್ರೆ ಕಂಪ್ಯೂಟರ್‌ದು ಕುರುಡಾಟ ಅಂತ ಲೆಕ್ಕ.

ಪರಮೇಶ್ವರಯ್ಯ: ಆಗ್ಲಿ. ಎರಡೇ ನಿಮಿಷಕ್ಕೆ ಸೋತು ಏಳ್ತಾಳೆ ನೋಡು.

ಅಣ್ಣಮ್ಮ: ಮುಟ್ಟಿದ್ರೆ ಕೆಟ್ಟೋಗಲ್ವಾ ಅಯ್ಯಾ?

ದಯಾನಂದ: ನೀನು ಬೆರಳು ತೋರ್ಸು, ನಾನು ಒತ್ತುತೀನಿ.

ಅವಳು ಕುರ್ಚಿಯ ತುದಿಯಲ್ಲಿ ಕೂತಳು.

ಅಣ್ಣಮ್ಮ: ಆ ಕೆಂಪು ಅತ್ಲಾಗೆ. ಈ ಹಸಿರು ಕೆಳಗೆ. ಅಯ್ಯೋ ಪಾಪ, ಅಲ್ಲಿ ನಾಕು ಹಳದಿ ಇತ್ತು, ಕಂಪ್ಯೂಟರ್ ನೋಡ್ಲೇ ಇಲ್ಲ. ಅದ್ನೂ ನಂಗೇ ಒತ್ತು.

ಮೂರು ಆಟ ನಡೆಯಿತು. ಮೂರೂ ಅಣ್ಣಮ್ಮನದೇ.

ದಯಾನಂದ: ಮುಗೀತಲ್ಲ. ಬರೀ ಕುರುಡಾಟ. ಅದರ ಕೈಲಿ ಹನ್ನೊಂದು ಸಲ ಸೋತೋರು ಒಬ್ರಿದಾರೆ ಅಂತ ಸಂಜೆ ಬಸ್‌ಸ್ಟ್ಯಾಂಡಲ್ಲಿ ಹೇಳ್ತೀನಿ.

ಪರಮೇಶ್ವರಯ್ಯ: ತಡಿ ಮಾರಾಯ. ಕಂಪ್ಯೂಟರ್ ಬಲು ಚುರುಕೇ. ಆದ್ರೆ ಅಣ್ಣಮ್ಮನ ಕಣ್ಣು ಎಂಥ ಕಣ್ಣು! ಇಪ್ಪತ್ತೆರಡು ವರ್ಷ ಬೀಜ ಆರಿಸಿದ ಕಣ್ಣಿಗೆ ಯಾವ ಯಂತ್ರ ಸಮ?

ಮಾತು ಬಾಯಿಂದ ಬಿದ್ದ ಮೇಲೆ ಅದು ಎಲ್ಲಿಗೆ ಹೋಗಿ ಮುಟ್ಟಿತೆಂದು ಅವರಿಗೆ ಹೊಳೆಯಿತು. ಅಷ್ಟರಲ್ಲಿ ಅಣ್ಣಮ್ಮ ಎದ್ದು ಪೊರಕೆಯನ್ನು ಗೋಡೆಗೆ ಒರಗಿಸಿಯಾಗಿತ್ತು.

ಅಣ್ಣಮ್ಮ: ಹಂಗಾದ್ರೆ ನಾಳೆಯಿಂದ ಮೇಜಿಗೆ ಬರ್ತೀನಿ ಅಯ್ಯಾ.

ಪರಮೇಶ್ವರಯ್ಯ: ಅದು... ನೋಡೋಣ.

ದಯಾನಂದ: ನೋಡೋಣ ಅಂದ್ರೆ ಅವಳ ಕಣ್ಣು ಮಂದ. ಅವಳ ಕಣ್ಣು ಮಂದ ಅಂದ್ರೆ ಕಂಪ್ಯೂಟರ್ ದಡ್ಡ. ಕಂಪ್ಯೂಟರ್ ದಡ್ಡ ಅಂದ್ರೆ...

ಪರಮೇಶ್ವರಯ್ಯ: ಬಾ ಮಾರಾಯ್ತಿ, ಎಂಟು ಗಂಟೆಗೇ ಬಾ. ಅಲ್ಲ, ಇನ್ಮೇಲೆ ಈ ಆಫೀಸು ಗುಡಿಸೋರು ಯಾರು?

ಅಣ್ಣಮ್ಮ ಸೆರಗು ಸರಿಮಾಡಿಕೊಂಡು ಬಾಗಿಲ ಹತ್ತಿರ ನಿಂತಳು.

ಅಣ್ಣಮ್ಮ: ಕಣ್ಣು ಮಂದ ಆದೋರಿಗೆ ಪೊರಕೆ ಅಂತ ನೀವೇ ಮಾಡಿದ ರೂಲ್ಸು ಅಯ್ಯಾ. ನಿಮ್ಮ ಕೈಗೆ ಸಿಗೋ ಹಂಗೇ ಒರಗಿಸಿ ಇಟ್ಟಿದೀನಿ.