ಸದಾ ಎಪ್ಪತ್ತೆರಡು

ಕೆಟ್ಟಿದ್ದನ್ನು ಸರಿಪಡಿಸಬಲ್ಲವನು ಎಲ್ಲಿದ್ದರೂ ಮೇಲೆ ಬರುತ್ತಾನೆ ಎಂದು ಚಿಕ್ಕಂದಿನಲ್ಲಿ ನನ್ನ ಅಜ್ಜಿ ಹೇಳುತ್ತಿದ್ದರು. ಹಾಗಿದ್ದಲ್ಲಿ ನಮ್ಮ ವೈದ್ಯಕೀಯ ಉಪಕರಣಗಳ ಕಂಪನಿಯ ರಿಪೇರಿ ವಿಭಾಗ ನೆಲಮಾಳಿಗೆಯಲ್ಲಿ ಏಕಿದೆ? ಈ ಪ್ರಶ್ನೆಗೆ ಉತ್ತರ ಒದಗಿಸಿದವರು ನಮ್ಮ ಇಂಜಿನಿಯರ್ ಸಾಹೇಬರು. ಅವರು ಕಂಪನಿಯ ಮುಖ್ಯಸ್ಥರಾದ ಬಗೆಯನ್ನು, ಸಭೆಗಳ ನಡಾವಳಿ ಬರೆಯುವ ನೌಕರನಾದ ನಾನು, ಯಥಾವತ್ತಾಗಿ ಇಲ್ಲಿ ದಾಖಲಿಸಿದ್ದೇನೆ.

ಹೃದಯದ ಬಡಿತ ತೋರಿಸುವ ನಮ್ಮ ಮಾನಿಟರಿಗೆ ಒಂದು ದೋಷವಿತ್ತು. ರೋಗಿಯ ಸ್ಥಿತಿ ಹದಗೆಟ್ಟಾಗ ಅದು ಕೂಗಿಕೊಳ್ಳುತ್ತಿತ್ತು. ಕೂಗು ಕೇಳಿದ ನೆಂಟರು ಓಡಿಬಂದು ಪ್ರಶ್ನೆ ಕೇಳುತ್ತಾರೆಂದು ಆಸ್ಪತ್ರೆಗಳ ಆಡಳಿತ ಮಂಡಳಿಗಳು ದೂರಿದವು.

"ಬಡಿತ ಏರುಪೇರಾದಾಗ ಕೂಗೋದೇ ಅದರ ಕೆಲಸ ಅಲ್ವಾ ಸಾರ್?" ಎಂದು ಆಗಿನ್ನೂ ಕಿರಿಯರಾಗಿದ್ದ ಇಂಜಿನಿಯರ್ ಕೇಳಿದರು.

"ಕೂಗಾಡೋಕೆ ಅವರವರ ಮನೇಲಿ ಜನ ಇದ್ದಾರಪ್ಪ. ಅದಕ್ಕೆ ದುಡ್ಡು ಕೊಟ್ಟು ಮಷೀನ್ ಯಾಕೆ ತರ್ತಾರೆ?" ಎಂದರು ಮಾರಾಟದ ಮುಖ್ಯಸ್ಥರು.

ಇಂಜಿನಿಯರಿಗೆ ಜ್ಞಾನೋದಯವಾಯಿತು. ಅವರು ಕೂಗನ್ನು ಪಿಸುಮಾತಿಗೆ ಇಳಿಸಿದರು. ಅವರನ್ನು ನೆಲಮಾಳಿಗೆಯಿಂದ ಮೊದಲ ಮಹಡಿಗೆ ಏರಿಸಲಾಯಿತು. ಕೆಂಪು ದೀಪವನ್ನು ತಿಳಿಹಸಿರು ಮಾಡಿದರು. ಕಿಟಕಿಯಿರುವ ಕೋಣೆ ದೊರೆಯಿತು. ಕೊನೆಗೆ, ಬಡಿತ ಎಷ್ಟೇ ಇದ್ದರೂ ಪರದೆಯ ಮೇಲೆ ಎಪ್ಪತ್ತೆರಡು ಎಂದೇ ತೋರಿಸುವ 'ಸಮಾಧಾನ ಸೌಲಭ್ಯ'ವನ್ನು ಕಂಡುಹಿಡಿದರು. ಮಾರಾಟ ಮುಗಿಲು ಮುಟ್ಟಿತು. ಮುಖ್ಯಸ್ಥರ ಹುದ್ದೆಗೆ ಅವರೊಬ್ಬರೇ ಅರ್ಹರೆಂದು ತೀರ್ಮಾನವಾಯಿತು.

ನಮ್ಮಲ್ಲೊಂದು ಪದ್ಧತಿಯಿದೆ. ಹೊಸ ಮುಖ್ಯಸ್ಥರಾಗುವವರು ತಾವು ರೂಪಿಸಿದ ಯಂತ್ರವನ್ನು ತುಂಬಿದ ಸಭೆಯಲ್ಲಿ ಸ್ಥಾಪಕರ ಮೈಗೆ ಜೋಡಿಸಬೇಕು. ಯಂತ್ರ ಮೆಚ್ಚುಗೆಯಾದರೆ ನೇಮಕ. ತಪ್ಪು ಕಂಡರೆ ಅದೇ ಕ್ಷಣ ವಜಾ.

ವಯೋವೃದ್ಧರಾದ ಸ್ಥಾಪಕರು ಕುರ್ಚಿಯಲ್ಲಿ ಕುಳಿತರು. ತಂತಿ ಜೋಡಿಸಲಾಯಿತು. ಎಪ್ಪತ್ತೆರಡು. ಚಪ್ಪಾಳೆ. ಸ್ವಾಗತ ಭಾಷಣದ ನಡುವೆ ಸ್ಥಾಪಕರ ತಲೆ ಒಂದು ಬದಿಗೆ ವಾಲಿತು. ಎಪ್ಪತ್ತೆರಡು.

"ಮಾವನವರು ಯೋಚನೆ ಮಾಡುವಾಗ ಹಾಗೇ," ಎಂದರು ಹಣಕಾಸು ನೋಡಿಕೊಳ್ಳುವ ಅಳಿಯಂದಿರು.

ಕಂಪನಿಯ ದಾದಿ ಓಡಿಬಂದು ಮಣಿಕಟ್ಟು ಹಿಡಿದರು. "ಅಯ್ಯೋ, ನಾಡಿ ಸರಿಯಾಗಿ ಸಿಗ್ತಿಲ್ಲ! ಬೇಗ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು ಸಾರ್!"

"ಪರದೆ ನೋಡಮ್ಮ," ಎಂದರು ಮಾರಾಟದ ಮುಖ್ಯಸ್ಥರು.

"ಪರದೆ ಯಾಕ್ ನೋಡ್ಲಿ? ಕೈ ತಣ್ಣಗಾಗ್ತಿದೆ!"

"ನಿಮ್ಮ ಬೆರಳಿಗೆ ಪ್ರಮಾಣಪತ್ರ ಇದೆಯಾ ಸಿಸ್ಟರ್? ನಮ್ಮ ಮಷೀನಿಗಿದೆ," ಎಂದು ಅಳಿಯಂದಿರು ಗಂಭೀರವಾಗಿ ಕೇಳಿದರು. ದಾದಿಯ ಬಳಿ ಅಂಥ ಪತ್ರ ಇರಲಿಲ್ಲ.

ಎಲ್ಲರೂ ಇಂಜಿನಿಯರತ್ತ ತಿರುಗಿದರು. ಯಂತ್ರದ ಬೆನ್ನಿಗೆ ಒಂದು ಗುಂಡಿಯಿದೆ. ಒತ್ತಿದರೆ ಸಮಾಧಾನ ನಿಂತು ನಿಜವಾದ ಬಡಿತ ಕಾಣುತ್ತದೆ. ಅದು ಅಲ್ಲಿದೆಯೆಂದು ಆಗ ಬಲ್ಲವರು ಅವರೊಬ್ಬರೇ. ಅವರ ಕೈ ಅಲ್ಲಿಯವರೆಗೂ ಹೋಯಿತು.

"ಸಾರ್, ಇನ್ನೂ ಉಸಿರಿದೆ. ಈಗ ಹೊರಟರೆ ಉಳೀತಾರೆ," ಎಂದರು ದಾದಿ, ಮೆಲ್ಲಗೆ.

ಇಂಜಿನಿಯರ್ ಒಮ್ಮೆ ಸ್ಥಾಪಕರ ಮುಖ ನೋಡಿದರು, ಒಮ್ಮೆ ಮೇಜಿನ ತುದಿಯ ಖಾಲಿ ಕುರ್ಚಿ ನೋಡಿದರು. ಕೈಯನ್ನು ಹಿಂದಕ್ಕೆ ತೆಗೆದು ಕೋಟಿನ ಜೇಬಿನಲ್ಲಿಟ್ಟುಕೊಂಡರು. ನೇಮಕಾತಿ ಸರ್ವಾನುಮತದಿಂದ ಅಂಗೀಕಾರವಾಯಿತು. ಸ್ಥಾಪಕರ ಮೌನವನ್ನು ಸಮ್ಮತಿಯೆಂದು ಪರಿಗಣಿಸಿ ನಡಾವಳಿಯಲ್ಲಿ ಬರೆಯುವಂತೆ ನನಗೆ ಸೂಚನೆಯಾಯಿತು. ಬರೆದೆ.

ನೂತನ ಮುಖ್ಯಸ್ಥರು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಸಭೆಗೆ ತಮ್ಮ ಮೊದಲ ತೀರ್ಮಾನವನ್ನು ತಿಳಿಸಿದರು:

"ಸ್ಥಾಪಕರು ಆರೋಗ್ಯವಾಗಿದ್ದಾರೆ. ಇಂದಿನಿಂದ ಕಂಪನಿಯ ಆವರಣದಲ್ಲಿ ಬೆರಳಿನಿಂದ ನಾಡಿ ನೋಡುವುದನ್ನು ನಿಷೇಧಿಸಲಾಗಿದೆ. ಸಿಸ್ಟರ್, ಅವರ ಕೈ ಬಿಡಿ."